ಎಡಕ್ಕೆ ತಿರುಗುವ ಲಾರಿ, ಪಕ್ಕದಲ್ಲಿ ಸ್ಕೂಟರ್: ಮಂಡ್ಯ ಪೇಟೆಯೊಳಗೆ ಏನೇನು ಸರಿಮಾಡಬೇಕು?
(ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಗುತ್ತಲು ರಸ್ತೆ:
ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಬೈಪಾಸ್ ಆದಮೇಲೆ ಮಂಡ್ಯದೊಳಗೆ ಹಾದುಹೋಗುವ ದೂರದ ಲಾರಿಗಳು ಕಡಿಮೆಯಾಗಿವೆ. ಪೇಟೆಗೇ ಬರಬೇಕಾದ ಗಾಡಿಗಳು ಮಾತ್ರ ಬರುತ್ತಲೇ ಇವೆ. ಮೈಷುಗರ್ ಕಾರ್ಖಾನೆ 1933ರಿಂದ ಊರೊಳಗೇ ಇದೆ, ಅದಕ್ಕೆ ಕಬ್ಬು ಬರಬೇಕು. ಗಿರಣಿಗೆ ಭತ್ತ, ಮನೆ ಕಟ್ಟೋರಿಗೆ ಜಲ್ಲಿ, ಎಂ-ಸ್ಯಾಂಡ್, ಸಿಮೆಂಟು ಬರಬೇಕು. ಇನ್ನೊಂದು ಕಡೆ, 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗೆ ಪ್ರವೇಶವಿಲ್ಲ. ಅವೆಲ್ಲ ಸರ್ವಿಸ್ ರಸ್ತೆ, ಇಲ್ಲವೇ ಹಳೇ ಹೆದ್ದಾರಿ ಹಿಡಿಯಬೇಕು. ಹೀಗಾಗಿ ಸಂಜಯ ವೃತ್ತದಲ್ಲಿ ಹತ್ತು ಚಕ್ರದ ಟಿಪ್ಪರೂ ಮಗುವನ್ನು ಮುಂದೆ ನಿಲ್ಲಿಸಿಕೊಂಡ ಸ್ಕೂಟರೂ ಒಂದೇ ಸಿಗ್ನಲ್‌ನಲ್ಲಿ ಅಕ್ಕಪಕ್ಕ ಕಾಯುತ್ತವೆ.

ಪ್ರತಿ ಸಲ ಮಾತು ಹೆಲ್ಮೆಟ್‌ಗೆ ಬಂದು ನಿಲ್ಲುತ್ತೆ. ಹೆಲ್ಮೆಟ್ ಬೇಕೇ ಬೇಕು. ಆದರೆ ಲಾರಿಯ ಹಿಂದಿನ ಚಕ್ರ ಸೊಂಟದ ಮೇಲೆ ಹತ್ತಿದರೆ ಹೆಲ್ಮೆಟ್ ಏನು ಮಾಡೀತು? ನಗರಸಭೆಗೂ ಆರ್‌ಟಿಒ ಕಚೇರಿಗೂ ಒಂದು ಮನವಿ ಬರೆಯಬೇಕಿದೆ. ಹಿಂದಿನ ಚಕ್ರಕ್ಕೆ ಜನ ಯಾಕೆ ಸಿಗುತ್ತಾರೆ, ಲಾರಿಗೆ ಏನು ಹಾಕಿಸಬೇಕು, ರಸ್ತೆಯಲ್ಲಿ ಏನು ಬದಲಾಗಬೇಕು ಅನ್ನೋದನ್ನ ಬಲ್ಲವರು ಅಳತೆ ಸಮೇತ ಹೇಳಿ.

ಹೆವಿ ತರಬೇತಿ:
ಮೊದಲು ಚಕ್ರದ ಲೆಕ್ಕ ಹೇಳ್ತೀನಿ, ಅದು ಗೊತ್ತಾಗದೆ ಮುಂದಿನದು ಅರ್ಥವಾಗಲ್ಲ.

ಲಾರಿ ತಿರುಗುವಾಗ ಮುಂದಿನ ಚಕ್ರ ಹೋದ ಜಾಡಿನಲ್ಲೇ ಹಿಂದಿನ ಚಕ್ರ ಹೋಗಲ್ಲ, ಒಳಗೆ ಕತ್ತರಿಸಿಕೊಂಡು ಹೋಗುತ್ತೆ. ಮುಂದಿನ ಚಕ್ರ 10 ಮೀಟರ್ ತ್ರಿಜ್ಯದಲ್ಲಿ ತಿರುಗಿತು ಅಂದುಕೊಳ್ಳಿ. ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ 4.2 ಮೀಟರ್ ಇದ್ದರೆ ಹಿಂದಿನ ಚಕ್ರ ಸುಮಾರು 0.9 ಮೀಟರ್ ಒಳಗೆ ಬರುತ್ತೆ. 5.2 ಮೀಟರ್ ಇದ್ದರೆ ಸುಮಾರು ಒಂದೂವರೆ ಮೀಟರ್. 6.2 ಇದ್ದರೆ ಎರಡು ಮೀಟರ್ ದಾಟುತ್ತೆ. ಅಂದರೆ ಫುಟ್‌ಪಾತ್ ಅಂಚಿನಿಂದ ಎರಡು ಮೀಟರ್ ದೂರದಲ್ಲಿ ಲಾರಿಯ ಮೂತಿ ಹಾದುಹೋಯಿತು, ಇನ್ನು ಭಯವಿಲ್ಲ ಅಂತ ನಿಂತವನ ಕಾಲ ಮೇಲೇ ಹಿಂದಿನ ಚಕ್ರ ಬರಬಹುದು.

ಇದಕ್ಕೇ ಅನುಭವಸ್ಥ ಡ್ರೈವರ್ ಎಡಕ್ಕೆ ತಿರುಗೋ ಮುಂಚೆ ಸ್ವಲ್ಪ ಬಲಕ್ಕೆ ಎಳೆದುಕೊಳ್ಳುತ್ತಾನೆ. ಅಪಾಯ ಹುಟ್ಟೋದೇ ಅಲ್ಲಿ. ಎಡಗಡೆ ಜಾಗ ಬಿಟ್ಟುಕೊಳ್ಳುತ್ತೆ, ಹಿಂದಿದ್ದ ಸ್ಕೂಟರಿನವರು "ದಾರಿ ಕೊಟ್ಟ" ಅಂದುಕೊಂಡು ನುಗ್ಗುತ್ತಾರೆ. ಆ ಹೊತ್ತಿಗೆ ಡ್ರೈವರ್ ಕಣ್ಣು ಬಲಗಡೆ ಮೂಲೆ ತಾಗುತ್ತಾ ಅಂತ ನೋಡ್ತಿರುತ್ತೆ. ಈ ಸ್ಥಿತಿಯಲ್ಲಿ ಗಂಟೆಗೆ 8 ಕಿ.ಮೀ. ವೇಗವೂ ಜೀವ ತೆಗೆಯೋಕೆ ಸಾಕು.

ಇನ್ನು ಕಾಣದ ಜಾಗ. ಡ್ರೈವರ್ ಕಣ್ಣು ನೆಲದಿಂದ 2.4 ಮೀಟರ್ ಎತ್ತರ, ಎಡ ಬಾಗಿಲಿನ ಗಾಜಿನ ಕೆಳ ಅಂಚು 1.9 ಮೀಟರ್, ಕಣ್ಣಿಂದ ಆ ಗಾಜಿಗೆ ಅಡ್ಡ ದೂರವೂ 1.9 ಅಂತ ಇಟ್ಟುಕೊಂಡು ಗೆರೆ ಎಳೆಯಿರಿ. ಸ್ಕೂಟರ್ ಮೇಲೆ ಕೂತವರ ತಲೆ 1.4 ಮೀಟರ್ ಎತ್ತರದಲ್ಲಿದ್ದರೆ, ಬಾಗಿಲಿಂದ 1.9 ಮೀಟರ್ ಆಚೆ ಇದ್ದಾಗ ಮಾತ್ರ ಗಾಜಿನಲ್ಲಿ ಕಾಣ್ತಾರೆ. 1.1 ಮೀಟರ್ ಎತ್ತರದ ಮಗುವಾದರೆ 3 ಮೀಟರ್ ಆಚೆ ಇರಬೇಕು. ಅದರೊಳಗೆ ಇರೋದನ್ನ ಕನ್ನಡಿಯೇ ತೋರಿಸಬೇಕು. ಲಾರಿಗಳು ಕ್ಯಾಬಿನ್‌ನಲ್ಲಿ ಬೇರೆ ಬೇರೆ, ಪ್ರತಿ ಗಾಡಿಗೂ ಟೇಪ್ ಹಿಡಿದು ಅಳೆಯಬೇಕು. ಆದರೆ ಲೆಕ್ಕ ಹೀಗೇ.

ಮಹಾವೀರ ವೃತ್ತ:
ಸರ್, ಹಿಂದೆ ಕ್ಲೀನರ್ ಎಡಗಡೆ ಕೂತು ಬಾಗಿಲು ತಟ್ಟಿ ಹೇಳ್ತಿದ್ದ. ಈಗ ಎಷ್ಟೋ ಗಾಡೀಲಿ ಡ್ರೈವರ್ ಒಬ್ಬನೇ. ಕ್ಲೀನರ್ ಜಾಗಕ್ಕೆ ಏನು?

ಹೆವಿ ತರಬೇತಿ:
ಪೇಟೆ ಓಡಾಟದ ಗಾಡಿಗೆ ಕ್ಲೀನರ್ ಇರಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಇಲ್ಲದಿದ್ದರೆ ಕನಿಷ್ಠ ಮೂರು ಕೆಲಸ ಮಾಡಿಸಿ.

ಎಡ ಬಾಗಿಲ ಮೇಲೆ ಕೆಳಮುಖವಾಗಿ ನೋಡುವ ಉಬ್ಬುಗನ್ನಡಿ ಬೇಕು. ಅದರಲ್ಲಿ ಎಡ ಮುಂಚಕ್ರವೂ ಅದರ ಪಕ್ಕದ ನೆಲವೂ ಕಾಣಬೇಕು. ಮುಂಗಾಜಿನ ಮೇಲ್ಗಡೆ ಎಡ ಮೂಲೆಯಲ್ಲಿ ಇನ್ನೊಂದು ಕನ್ನಡಿ ಬೇಕು, ಬಂಪರ್ ಮುಂದಿನ ನೆಲ ಕಾಣೋಕೆ. ಮೂರನೆಯದು, ಎಡ ಗಾಜಿಗೆ ಕಟ್ಟಿದ ಪರದೆ, ಡ್ಯಾಶ್‌ಬೋರ್ಡಿನ ಎಡತುದಿಯ ಹೂವಿನ ಹಾರ, ಗಾಜಿನ ಕೆಳಭಾಗದ ಸ್ಟಿಕರ್ ಪಟ್ಟಿ ತೆಗೆಸೋದು. ದೇವರ ಪಟ ಬೇಕಿದ್ದರೆ ನೋಟಕ್ಕೆ ಅಡ್ಡ ಬರದ ಹಾಗೆ ಗಾಜಿನ ಮೇಲಂಚಿನ ಹಿಂದಕ್ಕೆ ಇಡಲಿ.

ಕನ್ನಡಿ ಹೊಂದಿಸೋದು ಒಬ್ಬರಿಂದ ಆಗಲ್ಲ. ಡ್ರೈವರ್ ಸೀಟಲ್ಲಿ ಕೂತಿರಲಿ, ಇನ್ನೊಬ್ಬರು ಸೀಮೆಸುಣ್ಣ ಹಿಡಿದು ಲಾರಿ ಸುತ್ತ ನಡೆಯಲಿ. ಕಾಣದ ಜಾಗವನ್ನೆಲ್ಲ ನೆಲದ ಮೇಲೆ ಗೆರೆ ಹಾಕುತ್ತಾ ಹೋಗಿ. ಆ ಗೆರೆಯೊಳಗೆ ಎಷ್ಟು ಬೈಕ್ ಹಿಡಿಯುತ್ತೆ ಅಂತ ಡ್ರೈವರನ್ನೇ ಇಳಿಸಿ ತೋರಿಸಿ. ಎಷ್ಟು ಮಾತಾಡಿದರೂ ತಲೆಗೆ ಹೋಗದ್ದು ಆ ಗೆರೆಯಿಂದ ಹೋಗುತ್ತೆ.

ಬಾಡಿ ಕೆಲಸ ಬನ್ನಿಮಂಟಪ:
ಕನ್ನಡಿ ತೋರಿಸುತ್ತೆ ಅಷ್ಟೇ, ತಡೆಯಲ್ಲ. ತಡೆಯೋದು ಪಕ್ಕದ ಗಾರ್ಡ್. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಇರೋ ಖಾಲಿ ಜಾಗಕ್ಕೆ ಬಿದ್ದವರು ಹಿಂದಿನ ಚಕ್ರಕ್ಕೆ ಹೋಗ್ತಾರೆ. ಆ ಜಾಗ ಮುಚ್ಚಿದರೆ ಬಿದ್ದವರು ಹೊರಗೇ ಬೀಳ್ತಾರೆ. ಏಟು ಆಗಬಹುದು, ಜೀವ ಉಳಿಯೋ ಸಾಧ್ಯತೆ ಎಷ್ಟೋ ಹೆಚ್ಚು.

ನಮ್ಮ ದೇಶದ ಮಾನದಂಡ ಐಎಸ್ 14682. ಅಳತೆ ಬರೆದುಕೊಳ್ಳಿ:

ಗಾರ್ಡಿನ ಕೆಳ ಅಂಚು ನೆಲದಿಂದ 550 ಮಿ.ಮೀ. ಮೀರಬಾರದು. ಅಂದರೆ ಮೊಣಕಾಲಿನ ಮಟ್ಟ. ಮೇಲಿನ ಅಂಚಿಗೂ ಬಾಡಿಯ ತಳಕ್ಕೂ ನಡುವೆ 350 ಮಿ.ಮೀ.ಗಿಂತ ಹೆಚ್ಚು ಸಂದು ಬಿಡಬಾರದು. ಪಟ್ಟಿಗಳನ್ನ ಅಡ್ಡಡ್ಡ ಹಾಕುವುದಾದರೆ ಒಂದಕ್ಕೊಂದು 300 ಮಿ.ಮೀ. ಒಳಗಿರಲಿ. ಮುಂದಿನ ಟೈರಿಂದಲೂ ಹಿಂದಿನ ಟೈರಿಂದಲೂ 300 ಮಿ.ಮೀ.ಗಿಂತ ದೂರದಲ್ಲಿ ಶುರುವಾಗುವುದು, ಮುಗಿಯುವುದು ಬೇಡ. ಸುಮಾರು 100 ಕೆ.ಜಿ. ಭಾರದಷ್ಟು ಒತ್ತಿದರೂ ಒಳಕ್ಕೆ ಮಡಚಿಕೊಳ್ಳಬಾರದು.

ನಾವು ನೋಡೋ ತಪ್ಪುಗಳು ಇವು. ಎರಡೇ ಕಡೆ ಬೋಲ್ಟ್ ಹಾಕಿ ತೆಳು ಆಂಗಲ್ ನೇತುಹಾಕಿರ್ತಾರೆ. ಕೈಯಲ್ಲಿ ಎಳೆದರೆ ಬಾಗುತ್ತೆ. ಇನ್ನು ಕೆಲವರು ಒಂದೇ ಪಟ್ಟಿ, ಅದೂ 800 ಮಿ.ಮೀ. ಎತ್ತರದಲ್ಲಿ ಹಾಕಿಸ್ತಾರೆ. ಸ್ಕೂಟರಿಂದ ಬಿದ್ದವರು ಅದರ ಕೆಳಗೆ ಸಲೀಸಾಗಿ ಜಾರಿ ಹೋಗ್ತಾರೆ. ಪಟ್ಟಿಯ ತುದಿಯನ್ನ ಕತ್ತರಿಸಿ ಹಾಗೇ ಬಿಟ್ಟರೆ ಅದೇ ಈಟಿಯಾಗುತ್ತೆ, ತುದಿ ಒಳಕ್ಕೆ ಬಗ್ಗಿಸಿ ಉಂಡೆ ಮಾಡಬೇಕು. ಸ್ಟೆಪ್ನಿ, ಡೀಸೆಲ್ ಟ್ಯಾಂಕ್, ಬ್ಯಾಟರಿ ಪೆಟ್ಟಿಗೆ ಇರೋ ಕಡೆ ಗಾರ್ಡ್ ಬೇಡ ಅಂತಾರೆ. ಅವು ಬಾಡಿಯ ಅಂಚಿಗೆ ಸಮನಾಗಿದ್ದು ಸಂದು ಬಿಡದಿದ್ದರೆ ಸರಿ. ಒಳಗೆ ಅರ್ಧ ಅಡಿ ಸರಿದಿದ್ದರೆ ಸಿಕ್ಕಿಕೊಳ್ಳೋಕೆ ಅದೇ ಜಾಗ.

ಎಲ್ಲಕ್ಕಿಂತ ಬೇಸರದ ಕೆಲಸ ಅಂದ್ರೆ ಎಫ್‌ಸಿ (ಗಾಡಿ ಓಡಾಟಕ್ಕೆ ಯೋಗ್ಯ ಅನ್ನೋ ಪ್ರಮಾಣಪತ್ರದ ತಪಾಸಣೆ) ದಿನ ಗಾರ್ಡ್ ಹಾಕಿಸಿ ಮಾರನೇ ದಿನ ಬಿಚ್ಚೋದು. ಬೋಲ್ಟ್ ತೂತುಗಳು ಹೊಳೆಯುತ್ತಿದ್ದು ಗಾರ್ಡ್ ಇಲ್ಲದಿದ್ದರೆ ರಸ್ತೇಲಿ ನಿಲ್ಲಿಸಿ ತಪಾಸಣೆ ಮಾಡೋರು ಅದನ್ನೇ ಗಮನಿಸಬೇಕು. ಎಂಟು ವರ್ಷದ ಒಳಗಿನ ಲಾರಿಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ. ನಡುವಿನ ಅಷ್ಟೂ ದಿನ ಗಾಡಿ ಗಾರ್ಡ್ ಇಲ್ಲದೆ ಓಡುತ್ತೆ ಅಂತಾಯ್ತು.

ಜಲ್ಲಿ ಲೋಡು:
ಅಣ್ಣ, ಟಿಪ್ಪರಿಗೆ ಹಾಕಿದ್ರೆ ಕ್ವಾರಿ ದಾರೀಲಿ ಕಲ್ಲಿಗೆ ಬಡಿದು ಮುರಿದೇ ಹೋಯ್ತದೆ. 550 ಮಿ.ಮೀ. ಅಲ್ಲಿ ನಡೆಯಲ್ಲ ಕಣಣ್ಣ.

ಬಾಡಿ ಕೆಲಸ ಬನ್ನಿಮಂಟಪ:
ನಿಜ, ಕ್ವಾರಿ ಒಳಗೆ ಬಡಿಯುತ್ತೆ. ಅದಕ್ಕೆ ಬಿಚ್ಚಿ ಮನೇಲಿಡೋದು ಪರಿಹಾರ ಅಲ್ಲ. ಮೇಲೆ ಕೀಲು ಕೊಟ್ಟು ಮಡಚುವ ಗಾರ್ಡ್ ಮಾಡಿಸಿ. ಕ್ವಾರಿಯಲ್ಲಿ ಮೇಲಕ್ಕೆತ್ತಿ 16 ಮಿ.ಮೀ. ಪಿನ್ ಹಾಕಿ, ಟಾರು ರಸ್ತೆಗೆ ಬಂದ ಕೂಡಲೇ ಇಳಿಸಿ ಅದೇ ಪಿನ್ನು ಕೆಳಗಿನ ತೂತಿಗೆ. ಪಿನ್ನಿಗೆ ಸರಪಳಿ ಇರಲಿ, ಕಳೆಯಬಾರದು. ಇಳಿಸಿದಾಗ ಒಳಕ್ಕೆ ಹೋಗದಂತೆ ಹಿಂದೆ ತಡೆ ಕೊಡಬೇಕು, ಇಲ್ಲದಿದ್ದರೆ ಬಾಗಿಲ ಹಾಗೆ ಒಳಕ್ಕೆ ತೆರೆದುಕೊಂಡು ಬಿದ್ದವರನ್ನ ಚಕ್ರಕ್ಕೇ ಕೊಡುತ್ತೆ.

ಹಿಂದಿನ ಗಾರ್ಡೂ ಅಷ್ಟೇ ಮುಖ್ಯ, ಐಎಸ್ 14812. ಅಡ್ಡ ತೊಲೆ ನೆಲದಿಂದ 550 ಮಿ.ಮೀ. ಒಳಗೆ, ತೊಲೆಯ ಎತ್ತರ ಕನಿಷ್ಠ 100 ಮಿ.ಮೀ., ಅಗಲ ಹಿಂದಿನ ಅಚ್ಚಿನ ಎರಡೂ ತುದಿಯಿಂದ 100 ಮಿ.ಮೀ.ಗಿಂತ ಒಳಗೆ ನಿಲ್ಲಬಾರದು. ಮೈಸೂರು ರಿಂಗ್ ರಸ್ತೆಯಲ್ಲಿ ರಾತ್ರಿ ಬದಿಗೆ ನಿಂತ ಲಾರಿಗೆ ಕಾರು ಗುದ್ದಿದಾಗ, ತೊಲೆ ಎತ್ತರದಲ್ಲಿದ್ದರೆ ಬಾನೆಟ್ ಕೆಳಗೆ ನುಗ್ಗಿ ಲಾರಿಯ ಬಾಡಿ ಸೀದಾ ಗಾಜಿಗೆ ಬರುತ್ತೆ. ಏರ್‌ಬ್ಯಾಗ್ ಇದ್ದೂ ಉಪಯೋಗ ಇಲ್ಲ.

ಹವಾ ಬ್ರೇಕ್:
ಗಾರ್ಡ್ ಬಗ್ಗೆ ಹೇಳಿದ್ದು ಸರಿ. ಬ್ರೇಕ್ ಸೇರಿಸ್ತೀನಿ, ಯಾಕಂದ್ರೆ ಪೇಟೆಯಲ್ಲಿ ಲಾರಿ ನಿಲ್ಲೋ ದೂರವನ್ನ ಜನ ಕಾರಿನ ಲೆಕ್ಕದಲ್ಲಿ ಅಂದಾಜು ಮಾಡ್ತಾರೆ.

ಗಂಟೆಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ 11 ಮೀಟರ್. ಡ್ರೈವರ್ ಕಂಡು ಕಾಲಿಡೋಕೆ ಒಂದು ಸೆಕೆಂಡ್, ಹವಾ ಪೈಪಲ್ಲಿ ಹೋಗಿ ಬ್ರೇಕ್ ಹಿಡಿಯೋಕೆ ಇನ್ನರ್ಧ. ಇಷ್ಟರಲ್ಲೇ 16-17 ಮೀಟರ್ ಹೋಯ್ತು. ಒಳ್ಳೇ ಬ್ರೇಕ್ ಇದ್ದರೆ ಆಮೇಲೆ 15 ಮೀಟರ್‌ನಲ್ಲಿ ನಿಲ್ಲುತ್ತೆ, ಒಟ್ಟು 32. ಬ್ರೇಕ್ ಸಡಿಲ ಇದ್ದು ಹಿಡಿತ ಕಮ್ಮಿಯಾದರೆ 41 ದಾಟುತ್ತೆ. ಅದೇ ಗಾಡಿ 30ರಲ್ಲಿ ಬಂದರೆ ಒಳ್ಳೇ ಬ್ರೇಕಲ್ಲಿ 21 ಮೀಟರ್ ಸಾಕು. ಹತ್ತು ಕಿ.ಮೀ. ಇಳಿಸಿದ್ದಕ್ಕೆ 11 ಮೀಟರ್ ಉಳಿತಾಯ, ಒಂದು ಟಿಪ್ಪರಿನ ಉದ್ದಕ್ಕಿಂತ ಜಾಸ್ತಿ.

ಬೆಳಿಗ್ಗೆ ಗಾಡಿ ಎತ್ತೋ ಮುಂಚೆ ಮಾಡೋ ತಪಾಸಣೆ. ಹವಾ ಟ್ಯಾಂಕಿನ ತಳದ ವಾಲ್ವ್ ತೆರೆದು ನೀರು ಬಿಡಿ. ನೀರು ತುಂಬಿದಷ್ಟೂ ಹವಾಗೆ ಜಾಗ ಕಮ್ಮಿ, ವಾಲ್ವ್ ಒಳಗೆ ತುಕ್ಕು. ಎಣ್ಣೆ ಬೆರೆತ ನೀರು ಬಂದರೆ ಕಂಪ್ರೆಸರ್ ರಿಂಗ್ ಸವೆದಿದೆ. ಹವಾ ಪೂರ್ತಿ ತುಂಬಿಸಿ, ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಇಂಜಿನ್ ಆಫ್ ಮಾಡಿ ಬ್ರೇಕನ್ನ ಒಂದು ನಿಮಿಷ ಒತ್ತಿ ಹಿಡೀರಿ. ಹವಾ ಒತ್ತಡ ತೋರಿಸೋ ಮೀಟರಿನ ಮುಳ್ಳು 0.2 ಬಾರ್‌ಗಿಂತ ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ. ಸೋಪಿನ ನೀರು ಹಚ್ಚಿ ಹುಡುಕಿ. ಆಮೇಲೆ ಬ್ರೇಕನ್ನ ಮತ್ತೆ ಮತ್ತೆ ಒತ್ತಿ ಹವಾ ಇಳಿಸಿ. ಹವಾ ಕಮ್ಮಿಯಾದಾಗ ಬಜರ್ ಕೂಗಲೇಬೇಕು. ಆ ಬಜರ್ ತಂತಿ ಕಿತ್ತಿದ್ದರೆ ಅಂಥ ಗಾಡಿ ಶೆಡ್ ಬಿಟ್ಟು ಹೊರಡಬಾರದು.

ಸ್ಲ್ಯಾಕ್ ಅಡ್ಜಸ್ಟರ್ (ಬ್ರೇಕಿನ ಸಡಿಲ ಸರಿಮಾಡೋ ತೋಳು) ವಾರಕ್ಕೊಮ್ಮೆ ನೋಡಿ. ಚಕ್ರಕ್ಕೆ ಅಡ್ಡಗಟ್ಟೆ ಇದ್ದು, ಪಾರ್ಕಿಂಗ್ ಬ್ರೇಕ್ ಬಿಟ್ಟು, ಹವಾ ಆರು ಬಾರ್ ಹತ್ತಿರ ಇರುವಾಗ ಪುಶ್ ರಾಡ್ (ಬ್ರೇಕಿನ ಹವಾ ಡಬ್ಬಿ, ಅಂದರೆ ಚೇಂಬರಿಂದ ಹೊರಬರೋ ಸರಳು) ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಇನ್ನೊಬ್ಬರು ಬ್ರೇಕ್ ಒತ್ತಲಿ, ಗುರುತು ಎಷ್ಟು ಸರಿಯಿತು ಅಳೆಯಿರಿ. ಟೈಪ್ 30 ಅಳತೆಯ ಚೇಂಬರಲ್ಲಿ 51 ಮಿ.ಮೀ. ಮುಟ್ಟಿತು ಅಂದರೆ ಮಿತಿ ಮುಗಿಯಿತು. ಒಂದೇ ಅಚ್ಚಿನ ಎಡಬಲ ಚಕ್ರಗಳಲ್ಲಿ ವ್ಯತ್ಯಾಸ ಇದ್ದರೆ ಗಾಡಿ ಬ್ರೇಕಲ್ಲಿ ಒಂದು ಕಡೆ ಎಳೆಯುತ್ತೆ. ಪಕ್ಕದಲ್ಲಿ ಬೈಕ್ ಇದ್ದರೆ ಆ ಒಂದಡಿ ಎಳೆತವೇ ಸಾಕು.

ಓವರ್‌ಲೋಡ್ ಬಗ್ಗೆ ಒಂದೇ ಮಾತು. 2018ರಲ್ಲಿ ಒಟ್ಟು ತೂಕದ ಮಿತಿ ಆರು ಚಕ್ರದ ಗಾಡಿಗೆ 16.2ರಿಂದ 18.5 ಟನ್, ಹತ್ತು ಚಕ್ರದ್ದಕ್ಕೆ 25ರಿಂದ 28.5 ಟನ್ ಆಯ್ತು. ಅದಕ್ಕೂ ಮೇಲೆ ತುಂಬಿಸೋರು ಇದ್ದಾರೆ. ಮೋಟಾರು ವಾಹನ ಕಾಯ್ದೆಯ 194ನೇ ಕಲಮಲ್ಲಿ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ 2,000. ತೂಕದ ಚೀಟಿ ಲಾರಿ ಹೊರಡೋ ಜಾಗದಲ್ಲೇ ನೋಡಿದರೆ ಪೇಟೆಯಲ್ಲಿ ಬೆನ್ನಟ್ಟೋ ಕೆಲಸ ಇರಲ್ಲ.

ರಸ್ತೆ ವಿನ್ಯಾಸ:
ಈಗ ಮೂಲೆಗೆ ಬರೋಣ. ನಮ್ಮ ವೃತ್ತಗಳಲ್ಲಿ ಎಡ ಮೂಲೆಯನ್ನು ಅಗಲವಾಗಿ ಬಳಸಿ ಕಟ್ಟುತ್ತಾರೆ, ಲಾರಿ ಸುಲಭವಾಗಿ ತಿರುಗಲಿ ಅಂತ. ಪರಿಣಾಮ, ಕಾರು, ಬೈಕು, ಬಸ್ಸು ಎಲ್ಲವೂ ವೇಗ ಇಳಿಸದೆ ಅಲ್ಲೇ ಕೊಯ್ದುಕೊಂಡು ಹೋಗುತ್ತವೆ, ದಾಟುವವರಿಗೆ ರಸ್ತೆಯ ಅಗಲ ಹೆಚ್ಚುತ್ತದೆ. ಮೂಲೆಯನ್ನು ಬಿಗಿ ಮಾಡಿ, ಅದರ ಹೊರಗೆ ಒರಟು ಕಲ್ಲುಹಾಸಿನ ತಗ್ಗು ಅಂಚು ಕೊಡಿ. ಸಣ್ಣ ಗಾಡಿಗಳು ಅದನ್ನು ತಪ್ಪಿಸಿ ನಿಧಾನವಾಗಿ ತಿರುಗುತ್ತವೆ, ಲಾರಿಯ ಹಿಂದಿನ ಚಕ್ರ ಅದರ ಮೇಲೆ ಹತ್ತಿ ಹೋಗಬಹುದು. ಪಾದಚಾರಿ ನಿಲ್ಲುವ ಜಾಗ ಆ ಹಾಸಿನ ಆಚೆ, ಗಟ್ಟಿ ಕಂಬಗಳ ಹಿಂದೆ ಇರಬೇಕು. ಹಾಸಿನ ಮೇಲೇ ಜನ ನಿಲ್ಲುವಂತಾದರೆ ಮಾಡಿದ್ದೆಲ್ಲ ಉಲ್ಟಾ.

ಸಿಗ್ನಲ್ ಇರುವಲ್ಲಿ ದ್ವಿಚಕ್ರದವರಿಗೆ ಮುಂದೆ 4-5 ಮೀಟರ್ ಆಳದ ನಿಲುಗಡೆ ಚೌಕ ಬಳಿಯಬೇಕು, ಲಾರಿಯ ಗೆರೆ ಅದರ ಹಿಂದೆ. ಆಗ ಬೈಕಿನವರು ಪಕ್ಕದಲ್ಲಿ ಅಲ್ಲ, ಎದುರಿಗೇ ಕಾಣುತ್ತಾರೆ. ಚೌಕಕ್ಕೂ ಲಾರಿ ಗೆರೆಗೂ ನಡುವೆ ಎರಡು ಮೀಟರ್ ಖಾಲಿ ಬಿಡಿ, ಬಂಪರಿಗೆ ಅಂಟಿಕೊಂಡು ನಿಂತವರು ಎತ್ತರದ ಕ್ಯಾಬಿನ್ನಿಗೆ ಕಾಣುವುದಿಲ್ಲ.

ಫುಟ್‌ಪಾತಿಗೆ ಐಆರ್‌ಸಿ 103 (ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ) ಹೇಳುವುದು ಅಡೆತಡೆ ಇಲ್ಲದ 1.8 ಮೀಟರ್ ಅಗಲ, ಅಂಚಿನ ಎತ್ತರ 150 ಮಿ.ಮೀ. ಮೀರದಂತೆ. ಅಂಚು ಒಂದಡಿ ಎತ್ತರ ಕಟ್ಟಿದರೆ ವಯಸ್ಸಾದವರು ಹತ್ತಲಾರದೆ ರಸ್ತೆಯಲ್ಲೇ ನಡೆಯುತ್ತಾರೆ, ಲಾರಿಯ ಎಡ ಅಂಚಿನಲ್ಲಿ.

ಹಂಪ್ ಬಗ್ಗೆ ಬಹಳ ತಪ್ಪು ನಡೆಯುತ್ತಿದೆ. ಐಆರ್‌ಸಿ 99ರ ಪ್ರಕಾರ ಗಾಡಿಗಳು 25 ಕಿ.ಮೀ. ವೇಗದಲ್ಲಿ ದಾಟಲು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ ಉಬ್ಬು ಬೇಕು. ಬೀದಿಯವರೇ ಸೇರಿ ಹಾಕಿಸುವ ಎರಡಡಿ ಅಗಲದ ದಿಂಡು ಲಾರಿಯನ್ನು ನಿಲ್ಲಿಸಿಯೇ ಬಿಡುತ್ತದೆ, ಹಿಂದಿನ ಬೈಕಿನವರು ಬಂದು ಗುದ್ದುತ್ತಾರೆ. ಬಣ್ಣ ಅಳಿಸಿಹೋಗಿದ್ದರೆ ರಾತ್ರಿ ಬೈಕಿನವರೇ ಹಾರುತ್ತಾರೆ. ಜಲ್ಲಿ ಲಾರಿಯಿಂದ ಹಿಡಿ ಹಿಡಿ ಜಲ್ಲಿ ಉದುರುವುದೂ ಇಂಥ ದಿಂಡಿನ ಮೇಲೇ. ಅದರ ಮೇಲೆ ಎರಡು ಚಕ್ರ ಜಾರುತ್ತದೆ.

ಮಹಾವೀರ ವೃತ್ತ:
ಮೇಡಂ, ಬೆಳಿಗ್ಗೆ ಸಂಜೆ ದೊಡ್ಡ ಗಾಡಿ ನಿಷೇಧ ಮಾಡಿದರೆ ಇಷ್ಟೆಲ್ಲ ಬೇಕಿಲ್ಲ ಅಲ್ವಾ?

ರಸ್ತೆ ವಿನ್ಯಾಸ:
ನಿರ್ಬಂಧಿಸಲು ಕಾಯ್ದೆಯ 115ನೇ ಕಲಮಿನಲ್ಲಿ ಅವಕಾಶವಿದೆ, ಶಾಲೆ ಬಿಡುವ ಹೊತ್ತಿಗೆ ಬೇಕೂ ಹೌದು. ಆದರೆ ಅದೊಂದನ್ನೇ ಮಾಡಿದರೆ ಇನ್ನೊಂದು ತೊಂದರೆ. ಸಮಯ ಮುಗಿಯುವುದನ್ನೇ ಊರಾಚೆ ಕಾಯುತ್ತಿದ್ದ ಲಾರಿಗಳು ಒಟ್ಟಿಗೆ ನುಗ್ಗುತ್ತವೆ. ಮೈಸೂರಿನ ಸಂತೇಪೇಟೆ ಕಡೆಗೆ ಹೋಗುವ ಸರಕು ಲಾರಿಗೆ ಇಳಿಸುವ ಜಾಗವೇ ಇಲ್ಲದಿದ್ದರೆ ಯಾವ ಹೊತ್ತಿನಲ್ಲಿ ಬಂದರೂ ರಸ್ತೆಯಲ್ಲೇ ನಿಂತು ಹಿಂದಕ್ಕೆ ತೆಗೆಯುತ್ತದೆ. ನಿಷೇಧದ ಜೊತೆಗೆ ಊರಂಚಿನಲ್ಲಿ ಕಾಯುವ ಅಂಗಳ, ಒಳಗೆ ಇಳಿಸಲು ಗುರುತು ಹಾಕಿದ ಜಾಗ, ಎರಡೂ ಬೇಕು. ಅಲ್ಲಿಂದ ಒಳಗೆ ಸಣ್ಣ ಗೂಡ್ಸ್ ಗಾಡಿಯಲ್ಲಿ ಸಾಗಿಸುವುದು ಒಳ್ಳೆಯದು.

ಕಬ್ಬು ಸಾಗಣೆ:
ಲಾರಿ ಬಗ್ಗೆ ಇಷ್ಟು ಬರೆದ್ರಿ, ಕಬ್ಬಿನ ಟ್ರ್ಯಾಕ್ಟರ್ ಬಿಟ್ಟುಬಿಟ್ರಿ. ಅರೆಯೋ ದಿನಗಳಲ್ಲಿ ಮಂಡ್ಯದಲ್ಲಿ ಅದೇ ದೊಡ್ಡ ಅಪಾಯ.

ಬ್ರೇಕ್ ಇಲ್ಲದ ಟ್ರೈಲರಿಗೆ ಹತ್ತು ಟನ್ ಕಬ್ಬು ಅಂತ ಹಿಡಿಯಿರಿ. ನಿಲ್ಲಿಸೋ ಕೆಲಸವೆಲ್ಲ ಟ್ರ್ಯಾಕ್ಟರಿನ ಎರಡು ದೊಡ್ಡ ಚಕ್ರದ್ದು, ಅವುಗಳ ಮೇಲೆ ಎರಡೂವರೆ ಟನ್ ಭಾರ. ಗಂಟೆಗೆ 20 ಕಿ.ಮೀ.ನಲ್ಲಿ, ಒಣ ರಸ್ತೆಯಲ್ಲಿ, ಒಂದು ಟ್ರೈಲರ್ ಇದ್ದರೆ ನಿಲ್ಲೋಕೆ 19 ಮೀಟರ್ ಬೇಕು. ಎರಡು ಟ್ರೈಲರ್ ಕಟ್ಟಿದರೆ 29 ಮೀಟರ್. ಮಳೆ ಬಿದ್ದರೆ, ರಸ್ತೆ ಮೇಲೆ ಸೋಗೆ ಬಿದ್ದಿದ್ದರೆ ಇನ್ನೂ ದೂರ. ಹಿಂದಿನ ಟ್ರೈಲರ್ ತಳ್ಳಿ ಟ್ರ್ಯಾಕ್ಟರನ್ನೇ ಅಡ್ಡ ತಿರುಗಿಸೋದೂ ಉಂಟು. ಅದಕ್ಕೇ ಪೇಟೆಯೊಳಗೆ ಎರಡು ಟ್ರೈಲರ್ ಬೇಡವೇ ಬೇಡ ಅಂತ ಮನವಿಯಲ್ಲಿ ಬರೆಯಿರಿ.

ಟ್ರ್ಯಾಕ್ಟರಿಗೆ ಎಡಬಲ ಎರಡು ಬ್ರೇಕ್ ಪೆಡಲ್ ಇರ್ತವೆ, ಗದ್ದೆಯಲ್ಲಿ ಒಂದೇ ಕಡೆ ಹಿಡಿದು ತಿರುಗಿಸೋಕೆ. ರಸ್ತೆಗೆ ಬಂದಾಗ ಎರಡನ್ನೂ ಸೇರಿಸೋ ಕೊಂಡಿ ಹಾಕಲೇಬೇಕು. ಹಾಕದೆ ಅವಸರದಲ್ಲಿ ಒಂದನ್ನೇ ತುಳಿದರೆ ಲೋಡು ಸಮೇತ ಗಾಡಿ ಅಡ್ಡ ಬೀಳುತ್ತೆ. ಟ್ರೈಲರ್ ಪಿನ್ನಿಗೆ ಕೆಳಗಡೆ ಕ್ಲಿಪ್ ಇರಬೇಕು, ಕಬ್ಬಿಣದ ತಂತಿ ಸುತ್ತೋದಲ್ಲ. ಮೂಕಿಯ ಕೆಳಗೆ ಎರಡು ಸರಪಳಿ ಕತ್ತರಿಯಾಕಾರದಲ್ಲಿ ದಾಟಿಸಿ ಕಟ್ಟಿ. ಪಿನ್ ಮುರಿದರೂ ಮೂಕಿ ನೆಲಕ್ಕೆ ಚುಚ್ಚದೆ ಸರಪಳಿ ಮೇಲೆ ಕೂರುತ್ತೆ.

ರಾತ್ರಿ ತೊಂದರೆ ಏನಂದ್ರೆ ಕಬ್ಬಿನ ತುದಿ ಹಿಂದಕ್ಕೆ ಇಳಿಬಿದ್ದು ದೀಪ, ರಿಫ್ಲೆಕ್ಟರ್ ಎಲ್ಲ ಮುಚ್ಚಿಹೋಗ್ತದೆ. ಟ್ರೈಲರ್ ಮೈಗೆ ಟೇಪ್ ಅಂಟಿಸಿ ಫಲ ಇಲ್ಲ. ಎರಡಡಿ ಅಗಲದ ಹಲಗೆಗೆ ಕೆಂಪು ರಿಫ್ಲೆಕ್ಟಿವ್ ಟೇಪ್ ಅಂಟಿಸಿ, ಎರಡು ಎಲ್‌ಇಡಿ ದೀಪ ಕೂರಿಸಿ, ಲೋಡು ಕಟ್ಟಿದ ಮೇಲೆ ಹಗ್ಗಕ್ಕೆ ಹೊರಗಡೆ ನೇತುಹಾಕಬೇಕು. ತಂತಿ ಟ್ರ್ಯಾಕ್ಟರಿನ 12 ವೋಲ್ಟ್ ಪ್ಲಗ್ಗಿಗೆ. ತೂಕ ಮಾಡಿಸಿ ಇಳಿಸುವಾಗ ಹಲಗೆ ಬಿಚ್ಚಿ ಸೀಟಿನ ಕೆಳಗೆ ಇಟ್ಟುಕೊಂಡರೆ ಮುಂದಿನ ಟ್ರಿಪ್ಪಿಗೆ ಆಯ್ತು.

ಕೆಟ್ಟು ನಿಂತರೆ ಕಲ್ಲು, ಸೊಪ್ಪು ಇಡ್ತಾರೆ. ಹೊರಡುವಾಗ ಕಲ್ಲು ಅಲ್ಲೇ ಬಿಟ್ಟು ಹೋಗ್ತಾರೆ. ದಯವಿಟ್ಟು ಎತ್ತಿ ಬದಿಗೆ ಹಾಕಿ, ಹಿಂದೆ ಬರೋ ಬೈಕಿನವರಿಗೆ ಕತ್ತಲಲ್ಲಿ ಆ ಕಲ್ಲು ಕಾಣಲ್ಲ.

ತುರ್ತು ಚಿಕಿತ್ಸೆ:
ಇಷ್ಟೆಲ್ಲ ಮಾಡಿದ ಮೇಲೂ ಅಪಘಾತವಾದರೆ ಮೊದಲ ಐದು ನಿಮಿಷದಲ್ಲಿ ಸುತ್ತಲಿದ್ದವರು ಮಾಡುವ ಒಂದು ತಪ್ಪು ಜೀವ ಕಳೆಯುತ್ತದೆ. ಅದು "ರಿವರ್ಸ್ ತಗೋ, ರಿವರ್ಸ್ ತಗೋ" ಎಂದು ಕೂಗುವುದು. ಚಕ್ರದ ಕೆಳಗೆ ಯಾರಾದರೂ ಸಿಕ್ಕಿದ್ದರೆ ಲಾರಿಯನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಬೇಡಿ. ಮತ್ತೊಮ್ಮೆ ಹತ್ತುತ್ತದೆ. ಪಾರ್ಕಿಂಗ್ ಬ್ರೇಕ್ ಹಾಕಿಸಿ, ಇಂಜಿನ್ ಆಫ್, ಚಕ್ರದ ಎರಡೂ ಕಡೆ ಕಲ್ಲು. 112ಕ್ಕೆ ಕರೆ ಮಾಡಿ "ಲಾರಿ ಕೆಳಗೆ ವ್ಯಕ್ತಿ ಸಿಕ್ಕಿಕೊಂಡಿದ್ದಾರೆ" ಎಂದೇ ಹೇಳಿ, ಆಗ ಅಗ್ನಿಶಾಮಕದವರಿಗೂ ಸುದ್ದಿ ಹೋಗುತ್ತದೆ. ಇನ್ನೊಬ್ಬರು 108ಕ್ಕೆ.

ರಕ್ತ ಚಿಮ್ಮುತ್ತಿದ್ದರೆ ಶುದ್ಧ ಬಟ್ಟೆಯನ್ನು ಮಡಚಿ ಗಾಯದ ಮೇಲೆ ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನೋಡಲೆಂದು ಮತ್ತೆ ಮತ್ತೆ ತೆಗೆಯಬೇಡಿ. ಸೊಂಟದ ಮೇಲೆ ಚಕ್ರ ಹತ್ತಿದ್ದರೆ ಹೊರಗೆ ರಕ್ತ ಕಾಣದಿದ್ದರೂ ಒಳಗೆ ಲೀಟರುಗಟ್ಟಲೆ ಸೋರಬಹುದು. ಅವರನ್ನು ಎಬ್ಬಿಸಿ ಕೂರಿಸುವುದು, ಕಾಲು ಅಗಲಿಸುವುದು, ಆಟೊದಲ್ಲಿ ಮಡಚಿ ಹಾಕುವುದು ಬೇಡ. ನೀರು ಕುಡಿಸಬೇಡಿ, ಶಸ್ತ್ರಚಿಕಿತ್ಸೆ ಬೇಕಾಗಬಹುದು. ಉಸಿರಾಟ ಸರಿಯಿದ್ದರೆ ಹೆಲ್ಮೆಟ್ ತೆಗೆಯದೆ ತಲೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದಿರಿ.

ಪೊಲೀಸು, ಕೋರ್ಟಿಗೆ ಹೆದರಿ ಹಿಂದೆ ಸರಿಯಬೇಡಿ. ಮೋಟಾರು ವಾಹನ ಕಾಯ್ದೆಯ 134ಎ ಕಲಮು ನೆರವಿಗೆ ಬಂದವರಿಗೆ ರಕ್ಷಣೆ ಕೊಡುತ್ತದೆ, ಹೆಸರು ಹೇಳುವಂತೆ ಬಲವಂತ ಮಾಡುವಂತಿಲ್ಲ. 2025ರ ಮೇಯಿಂದ ಜಾರಿಯಲ್ಲಿರುವ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಗಾಯಾಳುವಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ಚಿಕಿತ್ಸೆಗೆ ಅವಕಾಶವಿದೆ. ಸೇರಿಸುವಾಗಲೇ ಯೋಜನೆಯ ಹೆಸರು ಹೇಳಿ ಕೇಳಿ.

ಜಲ್ಲಿ ಲೋಡು:
ಹವಾ ಬ್ರೇಕ್ ಅಣ್ಣ, ಒಂದು ಡೌಟು. ಏಟಲ್ಲಿ ಪೈಪ್ ಹರಿದು ಹವಾ ಹೋದ್ರೆ ಗಾಡಿ ತಾನಾಗೇ ಉರುಳಿಬಿಡಲ್ವಾ?

ಹವಾ ಬ್ರೇಕ್:
ಸ್ಪ್ರಿಂಗ್ ಬ್ರೇಕ್ ಇರೋ ಗಾಡೀಲಿ ಉಲ್ಟಾ, ಹವಾ ಹೋದರೆ ಸ್ಪ್ರಿಂಗ್ ತಾನೇ ಹಿಂದಿನ ಚಕ್ರ ಹಿಡಿದುಬಿಡುತ್ತೆ. ಆದರೆ ಆ ಚಕ್ರದ ಅಡ್ಜಸ್ಟ್‌ಮೆಂಟ್ ಸಡಿಲ ಇದ್ದರೆ ಹಿಡಿತ ಸಾಲದೆ ಇಳಿಜಾರಲ್ಲಿ ಉರುಳಬಹುದು. ಅದಕ್ಕೆ ಕಲ್ಲು ಇಡಲೇಬೇಕು. ಗಾಡಿ ಎಳೆಯೋಕೆ ಅಂತ ಚೇಂಬರ್ ಹಿಂದಿನ ಬೋಲ್ಟ್ ತಿರುಗಿಸಿ ಸ್ಪ್ರಿಂಗ್ ಬಿಡಿಸೋರು ಇದ್ದಾರೆ. ಜನ ಕೆಳಗಿರುವಾಗ ಅದನ್ನ ಮುಟ್ಟಲೇಬಾರದು.

ಗುತ್ತಲು ರಸ್ತೆ:
ಎಲ್ಲರಿಗೂ ನಮಸ್ಕಾರ. ಮನವಿಯಲ್ಲಿ ಮೊದಲು ಪಕ್ಕದ ಗಾರ್ಡ್ ಬರೆಯುತ್ತೇನೆ, ರಸ್ತೆ ತಪಾಸಣೆಯಲ್ಲಿ 550 ಮಿ.ಮೀ. ಕೋಲು ಹಿಡಿದು ಅಳೆಯಲಿ ಅಂತ. ಬನ್ನಿಮಂಟಪದ ಅಣ್ಣ, ಲಾರಿಗೆ ಅಂಟಿಸೋ ರಿಫ್ಲೆಕ್ಟಿವ್ ಟೇಪ್ ನಕಲಿ ಅಂತ ರಸ್ತೆಯಲ್ಲೇ ಗೊತ್ತುಮಾಡೋದು ಹೇಗೆ?

ಬಾಡಿ ಕೆಲಸ ಬನ್ನಿಮಂಟಪ:
ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು, 50 ಮಿ.ಮೀ. ಅಗಲ. ಕತ್ತಲಾದ ಮೇಲೆ 30 ಮೀಟರ್ ದೂರ ನಿಂತು ಮೊಬೈಲ್ ಟಾರ್ಚನ್ನ ಕಣ್ಣಿನ ಪಕ್ಕಕ್ಕೇ ಹಿಡಿದು ಬಿಡಿ. ಒಳ್ಳೇ ಟೇಪು ದೀಪ ಹಚ್ಚಿದ ಹಾಗೆ ಉರಿಯುತ್ತೆ, ನಕಲಿ ಮಂಕಾಗಿ ಬಣ್ಣ ಮಾತ್ರ ತೋರಿಸುತ್ತೆ. ಟಾರ್ಚನ್ನ ಸೊಂಟದ ಹತ್ತಿರ ಹಿಡಿದರೆ ಒಳ್ಳೇದೂ ಮಂಕಾಗಿ ಕಾಣುತ್ತೆ, ಕಣ್ಣಿನ ಪಕ್ಕಕ್ಕೇ ಹಿಡೀಬೇಕು. ನೋಡೋ ಮುಂಚೆ ಒದ್ದೆ ಬಟ್ಟೇಲಿ ಧೂಳು ಒರೆಸಿ.